ಗೋವಿನಜೋಳಕ್ಕೆ ಸುಣ್ಣ

ಶನಿವಾರ ರಾತ್ರಿ ಅತ್ತೆಯ ಎಲೆಯಡಿಕೆ ಚಂಚಿಯಿಂದ
ಸುಣ್ಣದ ಡಬ್ಬಿ ಕೇಳಿದೆ.
"ಯಾಕ, ನೀನೂ ಎಲಿ ಹಾಕಾಕ ಕಲ್ತೇನು?"
ಇಲ್ಲ, ಗೋವಿನಜೋಳಕ್ಕೆ, ಎಂದೆ.
ಚಂಚಿಯ ದಾರ ಅವರ ಬೆರಳಲ್ಲೇ ನಿಂತಿತು.

ಸುಣ್ಣ ಕದಡಿದ ನೀರಲ್ಲಿ ಕುದಿಸಿ
ಮುಚ್ಚಿಡಬೇಕು ಬೆಳತನಕ.
ಡಬ್ಬಿ ಅರ್ಧ ಖಾಲಿಯಾಯಿತು.

ಹೇಳಿಕೊಟ್ಟವಳು ಲೂಪೆ.
ಮೆಣಸಿನಕಾಯಿಯ ಬಣ್ಣ ಹಿಂಡುವ ನಮ್ಮ ಕಾರ್ಖಾನೆಗೆ
ಹೊಸ ಯಂತ್ರದ ಬೆನ್ನಿಗೆ ಮೆಕ್ಸಿಕೋದಿಂದ ಬಂದು
ಹದಿನೇಳು ದಿನ ಇದ್ದಳು.
ಬ್ಯಾಡಗಿಯಲ್ಲಿ ಹೊಸದಾಗಿ ಇಳಿದವರೆಲ್ಲ ಸೀನುತ್ತಾರೆ.
ಅವಳು ಸೀನಲಿಲ್ಲ.
ಕಣ್ಣು ಮುಚ್ಚಿ, ಮೂಗಿನ ತುಂಬ ಗಾಳಿ ಎಳೆದುಕೊಂಡು
ಏನೋ ಅಂದಳು.
ಜೊತೆಗೆ ಬಂದ ಹುಡುಗ ತಡವರಿಸಿ ಕನ್ನಡಕ್ಕೆ ತಂದ:
"ನಮ್ಮ ಅಜ್ಜಿ ಅಟ್ಟದ ವಾಸ್ನಿ, ಅಂತಾರ."

ಮನೆಗೆ ಊಟಕ್ಕೆ ಕರೆದಾಗ ಅತ್ತೆ ಅವಳನ್ನು
ಲೂಪವ್ವ ಮಾಡಿದರು.
ಹೋಳಿಗೆ ಮೇಲೆ ಹೋಳಿಗೆ, ಬೇಡವೆನ್ನಲು ಅವಳಿಗೆ ಭಾಷೆಯಿಲ್ಲ.
ಕೈ ತೊಳೆಯುತ್ತ ನಕ್ಕು ಹೇಳಿದಳು:
ಮೆಣಸಿನಕಾಯಿ, ಟೊಮೆಟೊ, ಗೋವಿನಜೋಳ,
ಮೂರೂ ಮೊದಲು ನಮ್ಮವು.
ಅತ್ತೆ ಎರಡು ದಿನ
ಲೂಪವ್ವನ ಹೆಸರೆತ್ತಲಿಲ್ಲ.

ಬೆಳಗ್ಗೆ ಕಾಳು ಊದಿ, ಬಣ್ಣ ಏರಿತ್ತು.
ತಿಕ್ಕಿದರೆ ಸಿಪ್ಪೆ ಲೋಳೆಯಾಗಿ ಬೆರಳಿಗೆ ಬಂತು.
ಮೂರು ನೀರು ತೊಳೆದೆ, ನಾಲ್ಕನೆಯದು ತಿಳಿಯಾಯಿತು.
ಮಿಕ್ಸರ್ ಎರಡು ಸಲ ನಿಂತು
ಸುಟ್ಟ ವಾಸನೆ ಬಿಟ್ಟಿತು.
ಅತ್ತೆ ಏನೂ ಅನ್ನದೆ
ಒರಳಿನ ಮೇಲಿದ್ದ ಮಗನ ಶಾಲೆಯ ಚೀಲ ಎತ್ತಿ
ಗೋಡೆಗೆ ಒರಗಿಸಿಟ್ಟರು.

ನನ್ನದು ಬಿಳಿಜೋಳದ ಹಿಟ್ಟಿಗೆ ಪಳಗಿದ ಕೈ.
ಇದು ಬಡಿದಲ್ಲೆಲ್ಲ ಅಂಚು ಒಡೆಯಿತು.
"ದನಾ ತಿನ್ನೋ ಜ್ವಾಳ,
ರೊಟ್ಟಿ ಆಗೂದು ಅದಕ್ಕ ಹೆಂಗ ಗೊತ್ತಿರ್ತೈತಿ?"
ಹೇಳುತ್ತಲೇ ಮುದ್ದೆ ಕಸಿದುಕೊಂಡರು.
ಪಟಪಟ, ಪಟ.
ಅಂಗೈಯಗಲದ ಆರು ರೊಟ್ಟಿ,
ಏಳನೆಯದು ಹರಿದಾಗ ಮಾತ್ರ ನನ್ನತ್ತ ದೂಡಿದರು.

ಕಾದ ಹಂಚಿನ ಮೇಲೆ ಡಬ್ಬಿ ಮೆಣಸಿನಕಾಯಿ ಐದು,
ಸಿಪ್ಪೆ ಸಮೇತ ಬಳ್ಳೊಳ್ಳಿ,
ಕರಿದೊಗಲು ಬರುವತನಕ ಟೊಮೆಟೊ.
ರುಬ್ಬಿದೆ. ಕೆಂಪು ಬಂತು, ಖಾರ ಬರಲಿಲ್ಲ.
ನಮ್ಮ ಕಾಯಿಯ ಗುಣವೇ ಅದು,
ಬೀಗರ ಎದುರು ಉಟ್ಟ ಸೀರೆ: ಬಣ್ಣಕ್ಕೆ ಕೊರತೆಯಿಲ್ಲ.
ಖಾರಕ್ಕೆ ಗುಂಟೂರಿನ ಎರಡು ಹಾಕಿದೆ.
ಈ ಊರಲ್ಲಿ ಇದನ್ನು
ಗಟ್ಟಿಯಾಗಿ ಹೇಳಬಾರದು.

ತತ್ತಿ ಮಾತ್ರ ಹಿತ್ತಲಲ್ಲಿ.
ಪೇರಲ ಗಿಡದ ಕೆಳಗೆ ಒಂಟಿ ಒಲೆ,
ಹಿಡಿಕೆ ಮುರಿದ ಬಾಣಲೆ, ಅದರದೇ ಒಂದು ಚಮಚ;
ಮದುವೆಯಾದ ವರ್ಷ
ಯಾರೂ ಬಾಯಿಬಿಟ್ಟು ಹೇಳದೆ ಆದ ಒಪ್ಪಂದ.
ಗೋಡೆಯಾಚೆ ಹುಸೇನಬಿಯ ಕೋಳಿ,
ಇನ್ನೂ ಬೆಚ್ಚಗಿದ್ದ ನಾಲ್ಕು ತತ್ತಿ.
ಎಣ್ಣೆಯಲ್ಲಿ ರೊಟ್ಟಿ ಬಾಡಿಸಿ, ಮೇಲೆ ತತ್ತಿ,
ತತ್ತಿಯ ಮೇಲೆ ಕುದಿವ ಕೆಂಪು.
ಮಗ ಒಗೆಯುವ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದ,
ಮೂಗು ಸೋರುತ್ತಿತ್ತು, ತಾಟು ಬಿಡಲಿಲ್ಲ.
ಅವನಪ್ಪ ಮಾತಾಡಲಿಲ್ಲ; ಎರಡನೆಯ ಸಲ ತಾಟು ಚಾಚಿದ.
ಗೋಡೆಯಾಚೆಯಿಂದ ಸೀನು, ಆಮೇಲೆ ಹುಸೇನಬಿ:
"ನನಗೂ ಒಂದೀಟು ಕೊಡ್ರಿ, ನನ್ನವ ತತ್ತಿ!"

ಒಳಗೆ ಅತ್ತೆ ಹಂಚಿನ ಪಕ್ಕದಲ್ಲೇ ಕೂತು
ಬರೀ ರೊಟ್ಟಿಗೆ ಆ ಕೆಂಪು ಹಚ್ಚಿಕೊಂಡು
ಅಂಚಿನಿಂದ ಮುರಿದರು.
ಅಗಿದರು. ಸೂರು ನೋಡಿದರು.
ಇನ್ನೊಂದು ತುಂಡು.
ಚೆನ್ನಾಗಿದೆ ಅನ್ನಲಿಲ್ಲ, ಮೂವತ್ತು ವರ್ಷದಲ್ಲಿ
ಅವರು ಯಾವುದನ್ನೂ ಹಾಗೆ ಅಂದಿಲ್ಲವಂತೆ.
ಕೈ ತೊಳೆದು, ಚಂಚಿ ಬಿಚ್ಚಿ,
ಬೆರಳ ತುದಿಯಿಂದ ಸುಣ್ಣದ ಡಬ್ಬಿಯ ತಳ ಕೆರೆಯುತ್ತ ಕೇಳಿದರು:

"ಆ ಲೂಪವ್ವನ ಅತ್ತೀನೂ ಎಲಿ ಹಾಕ್ತಾಳೇನು?"

ಗೊತ್ತಿಲ್ಲ, ಎಂದೆ.

"ಕೇಳು. ಇಲ್ಲಂದ್ರ ಆಕಿ
ಸುಣ್ಣ ಯಾರ ಹತ್ರ ಇಸ್ಕೋತಾಳ?"