ಜವುಗಿನ ಲೆಕ್ಕ

ವೋರು ಊರಿನ ಬ್ಯಾರಕ್ಕು, ಎರಡನೆ ಮಹಡಿ,
ಆರು ಜನ, ಒಂದು ಕೆಟ್ಟ ಹೀಟರು.
ಎಸ್ಟೋನಿಯಾ ಎಷ್ಟು ಚಿಕ್ಕದೆಂದರೆ
ನಕ್ಷೆಯ ಮೇಲೆ ಕಾಫಿ ಲೋಟ ಇಟ್ಟರೆ
ಒಂದು ಜಿಲ್ಲೆ ಮಾಯ.

ಇಪ್ಪತ್ತು ವರ್ಷದಾಚೆಯದನ್ನು ಬರೆಯಿರಿ ಎಂದಿದ್ದಾರೆ.
ಬರೆದೆ: ಶತ್ರು, ಪೂರ್ವದಿಂದ.
ಅಳಿಸಿ ಬರೆದೆ: ಬಹುಶಃ ಪೂರ್ವದಿಂದ.
ಮಿತ್ರರು ಎಷ್ಟು ದಿನಕ್ಕೆ ಬಂದಾರು?
ಟಾಯ್ವೊ ಪೆನ್ಸಿಲು ಕಚ್ಚಿ "ಹತ್ತು" ಅಂದ,
ಮದುವೆಗೆ ಬರುವ ನೆಂಟರನ್ನು ಎಣಿಸುವವನ ಹಾಗೆ.
ಆಮೇಲೆ, "ಹದಿನೈದು ಅಂತಿಟ್ಟುಕೊಳ್ಳಿ."

ಕರ್ನಲರ ಸಿದ್ಧಾಂತ ಒಂದೇ:
ನುಂಗುವವನ ಗಂಟಲಿಗೆ ನಾವು ಮುಳ್ಳಾಗಬೇಕು.
ಎಲ್ಲರೂ ತಲೆಯಾಡಿಸಿದೆವು.
ಮುಳ್ಳು ಗಂಟಲು ಮುಟ್ಟುವ ಹೊತ್ತಿಗೆ
ಮೀನು ಬೆಂದಾಗಿರುತ್ತದೆ
ಎಂದು ಯಾರೂ ಹೇಳಲಿಲ್ಲ.

ನಮಗಿರುವ ದೊಡ್ಡ ಪಡೆ ಜವುಗು.
ಸಂಬಳ ಕೇಳದು, ರಜೆ ಕೇಳದು.
ಟ್ಯಾಂಕು ಇಳಿದರೆ ಮೊದಲು ಚಕ್ರ, ಹೊಟ್ಟೆ, ಕುತ್ತಿಗೆ,
ಆಮೇಲೆ ನಾಲ್ಕು ಗುಳ್ಳೆ.
ಹಳೆಯ ಕಡತದಲ್ಲಿ ಎಚ್ಚರಿಕೆ ಒಂದೇ ಸಾಲು:
ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ, ಆಗ ಅದೇ ಹೆದ್ದಾರಿ.
ಹೋದ ಜನವರಿ ಮಳೆ ಸುರಿಯಿತು.
ಅದರ ಹಿಂದಿನ ವರ್ಷ ಬಾವಿಯ ಹಗ್ಗವೂ ಮರಗಟ್ಟಿತ್ತು.
ಋತುಗಳೂ ಈಗ ಯಾವ ಒಪ್ಪಂದಕ್ಕೂ ಸಹಿ ಹಾಕುವುದಿಲ್ಲ.

ಕೇಳೋಣ ಅಂತ ಸಾಲ್ಮೆಯ ಮನೆಗೆ ಹೋದೆ.
ಎಂಬತ್ತೊಂದು ವಯಸ್ಸು. ಎಲೆಯುದುರುವ ಕಾಲಕ್ಕೆ
ಜವುಗಿನ ನಟ್ಟನಡುವಿಂದ
ಬಕೆಟ್ಟು ತುಂಬ ಕೆಂಪು ಹುಳಿಹಣ್ಣು ತರುವವಳು.
ಕೋಲು ಊರಿ ಮುಂದೆ ಮುಂದೆ ನಡೆದಳು:
"ಇಲ್ಲಿ ನಮ್ಮ ಹಸು. ಇಲ್ಲಿ ಜರ್ಮನರ ಮೋಟಾರು ಸೈಕಲ್ಲು.
ಇಲ್ಲಿ ಒಬ್ಬ ರಷ್ಯದ ಹುಡುಗ. ಅಮ್ಮಾ ಅಂತಲೇ ಕೂಗಿದನಂತೆ."
ಇನ್ನೊಂದು ಕಡೆ ಕೋಲು ಚಾಚಿ ಸುಮ್ಮನಾದಳು.
ಎಷ್ಟೋ ಹೊತ್ತಿನ ಮೇಲೆ,
"ನನ್ನಣ್ಣ. ಅವನಿಗೆ ದಾರಿ ಗೊತ್ತಿತ್ತು."

ಇನ್ನು ಮುಂದೆ ಹೆಪ್ಪುಗಟ್ಟುತ್ತದಾ, ಸಾಲ್ಮೆ?
"ಕಾಲಿಟ್ಟೇ ನೋಡಬೇಕು, ಪಿರೆಟ್. ಪ್ರತಿ ಸಲ."

ವಾಪಸು ಬಂದು ಕೊನೆಯ ಕಾಲಂ ತುಂಬಿದೆ:
ಜವುಗಿನ ಸ್ಥಿತಿ, ಇಪ್ಪತ್ತು ವರ್ಷದ ನಂತರ:
ಸಾಲ್ಮೆಯನ್ನು ಕೇಳುವುದು.
ಆಗ ಅವಳಿಗೆ ನೂರಾ ಒಂದು.
ಪೆನ್ಸಿಲಿನಲ್ಲೇ ಇತ್ತು, ಅಳಿಸಿದೆ.

ಖರ್ಚಿನ ಪಟ್ಟಿಯಲ್ಲಿ,
ಕ್ಷಿಪಣಿ, ಡ್ರೋನು, ಮುಳ್ಳುತಂತಿಯ ಕೆಳಗೆ
ಇನ್ನೊಂದು ಸೇರಿಸಿದೆ:
ರಬ್ಬರ್ ಬೂಟು, ಎರಡು ಜೊತೆ.
ಒಂದು, ಹತ್ತು ವರ್ಷದ ಹುಡುಗಿಯ ಅಳತೆಯದು.
ಕರ್ನಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.
ಸಹಿ ಇನ್ನೂ ಹಾಕಿಲ್ಲ.