ಒಂದು ಗಜಕ್ಕೆ ಆರು ಗಜ

ಚೆಸ್ಟರಿನ ಕೋಟೆಗೋಡೆಯ ಮೇಲೆ ನಿಂತರೆ ಟಿಕೆಟ್ಟಿಲ್ಲ.
ಕೆಳಗೆ, ಒಂದು ಕಾಲಕ್ಕೆ ಹಡಗು ತಂಗುತ್ತಿದ್ದಲ್ಲಿ, ಹುಲ್ಲು.
ಡೀ ನದಿ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟ ನೆಲ ಇಷ್ಟೇ:
ಮೈಲಿಯೊಂದರ ಸುತ್ತು,
ಅದೂ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ.
ನೇರ ಅನ್ನುವುದು ಒಂದು ಉಸಿರಿನಷ್ಟು.

ನಮ್ಮಪ್ಪ ಇಡ್ರಿಸ್ ಪ್ರೋಬರ್ಟ್, ಸೈಕಲ್ ರಿಪೇರಿಯವನು.
ನನಗೆ ಏಳು ವರ್ಷವಿದ್ದಾಗ
ಟೈರಿಲ್ಲದ ರಿಮ್ಮೊಂದನ್ನು ಗೋಡೆಯ ಕಲ್ಲಿನ ಮೇಲಿಟ್ಟು
ಒಳಗೊಂದು ದಾರ, ಹೊರಗೊಂದು ದಾರ ಸುತ್ತಿ
ಬಿಚ್ಚಿ, ಜೋಡಿಸಿ ಹಿಡಿದು ತೋರಿಸಿದ:
‘ನೋಡು ನೆಸ್ಟಾ, ಒಂದು ಗಜ ಹೊರಗೆ ಸರಿದರೆ
ಸುತ್ತು ಮುಗಿಯುವಷ್ಟರಲ್ಲಿ ಆರು ಗಜ ಸಾಲ.
ಪಾಪ, ಕುದುರೆಗೆ ಯಾರೂ ಇದನ್ನು ಹೇಳಿರುವುದಿಲ್ಲ.’

ಪೇಪರಿನಲ್ಲಿ ಕುದುರೆಯ ಹೆಸರಿಗೆ ಅಂಟಿಕೊಂಡ ಅಂಕಿಗಳು,
ಏಳು, ಒಂಬತ್ತು, ಸೊನ್ನೆ, ಎಂಟು.
ಜನ ಅಂಕಿ ಓದುತ್ತಿದ್ದರು.
ಅಪ್ಪ ಅಂಕಿಯ ಕೆಳಗಿನ ನೆಲ ಓದುತ್ತಿದ್ದ.
ಈ ಒಂಬತ್ತು ಎಲ್ಲಿಯದು? ನ್ಯೂಮಾರ್ಕೆಟ್ಟಿನದು,
ಬಟ್ಟೆ ಒಣಹಾಕುವ ಹಗ್ಗದಷ್ಟು ನೇರ, ಉದ್ದ ಕಾಲಿನವರ ರಾಜ್ಯ.
ಸೊನ್ನೆ? ಪಾಂಟಿಫ್ರ್ಯಾಕ್ಟಿನದು, ದಣಿದ ಮೇಲೆ ಏರು.
ಬಟನ್ ಟಿನ್ ಅಂತ ಒಂದು ಹೆಣ್ಣುಕುದುರೆ,
ಗಿಡ್ಡ ಕಾಲು, ಬೆಕ್ಕಿನ ಸೊಂಟ,
ತಪ್ಪು ವಿಳಾಸಕ್ಕೆ ಹೋಗಿ ಹೋಗಿ ವಾಪಸು ಬಂದ ಕಾಗದ.
‘ಇವಳಿಗೆ ತಿರುವು ಬೇಕು ಮಗಳೇ, ತಿರುವು!’
ಮೇ ತಿಂಗಳ ಆ ಗುರುವಾರ ಅವಳಿಗೆ ಮೂರನೇ ಗೇಟು.

ಒಂದನೇ ಗೇಟು ಯಾಕೆ ಬೇಡ ಅಂದೆ.
ಅದಕ್ಕೆ ಬುಕ್ಕಿ ಕೊಡುವುದು ಬರೀ ಚಿಲ್ಲರೆ.
ಊರಿಗೆಲ್ಲ ಗೊತ್ತಿರುವ ಗುಟ್ಟಿಗೆ
ಬೆಲೆ ಎಲ್ಲಿಂದ ಬರಬೇಕು?
ಹನ್ನೊಂದನೇ ಗೇಟಿಗೆ ಒಂದಕ್ಕೆ ಮೂವತ್ತು.
ಅದು ಗಾಳ, ಅಂದ ಅಪ್ಪ. ಹುಳ ಚೆನ್ನಾಗಿ ಕಾಣುತ್ತದೆ.

ಗೇಟು ತೆರೆಯಿತು.
ನಮ್ಮವಳು ಒಳ ರೈಲಿಂಗಿಗೆ ಮೈ ಉಜ್ಜಿಕೊಂಡೇ ಓಡಿದಳು,
ಅಪ್ಪನ ದಾರದ ಮೇಲೆಯೇ ಓಡಿದ ಹಾಗೆ,
ಒಂದು ಮೊಳ ಕೂಡ ವ್ಯರ್ಥ ಮಾಡದೆ.
ನದಿಯ ಬದಿ, ರೈಲು ಸೇತುವೆ, ಕೊನೆಯ ತಿರುವು.
ಆಮೇಲೆ ನೋಡಿದರೆ
ಮುಂದಿದ್ದ ಎರಡು ಕುದುರೆ ಸುಸ್ತಾಗಿ ಗೋಡೆಯಾಗಿದ್ದವು,
ಪಕ್ಕದಲ್ಲಿ ಇನ್ನೊಂದು, ಹಿಂದೆ ಇನ್ನೊಂದು.
ಜಾಕಿ ಎದ್ದು ಕೂತು ಲಗಾಮು ಎಳೆಯುವುದು
ಇಲ್ಲಿಂದಲೇ ಕಾಣುತ್ತಿತ್ತು.
ಒಳಗಿರುವವರಿಗೆ ದಾರಿ ಕಮ್ಮಿ,
ಬಾಗಿಲೂ ಕಮ್ಮಿ.
ಇದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಎಲ್ಲರಿಗಿಂತ ಹೊರಗೆ
ಯಾರ ಹಂಗೂ ಇಲ್ಲದೆ ಬಂತು ಹನ್ನೊಂದು,
ಒಂದು ಕಪ್ಪು ಗಂಡುಕುದುರೆ, ಬಾಯಿ ತೆರೆದು,
ಕತ್ತಿನ ಅಳತೆಯಲ್ಲಿ ಗೆದ್ದಿತು.

ಅಪ್ಪ ಬೈಯಲಿಲ್ಲ. ಬಹಳ ಹೊತ್ತು ಮಾತೇ ಇಲ್ಲ.
ಆಮೇಲೆ ಪೆನ್ಸಿಲ್ಲು ತೆಗೆದು
ರೇಸ್ ಪುಸ್ತಕದ ಅಂಚಿನಲ್ಲಿ ಲೆಕ್ಕ:
ನಾಲ್ಕು ಗಜ ಹೊರಗೆ, ಆರು ನಾಲ್ಕಲೆ ಇಪ್ಪತ್ತನಾಲ್ಕು.
‘ಇಪ್ಪತ್ತನಾಲ್ಕು ಗಜ ಹೆಚ್ಚು ಓಡಿದೆ ಇದು.
ನಾಳೆ ಪೇಪರಿನವರು ಬರೆಯುವುದು ಬರೀ ಒಂದು ಕತ್ತು ಅಂತ.
ಇದು ಯಾರ್ಕಿಗೆ ಹೋಗಲಿ, ನೇರ ನೆಲಕ್ಕೆ ಹೋಗಲಿ,
ಆಗ ನೋಡೋಣ.’
ಹೆಸರಿನ ಸುತ್ತ ಒಂದು ಗೆರೆ ಎಳೆದ.
ಅದೂ ಎಡಕ್ಕೇ ತಿರುಗಿತು.

ಮನೆಗೆ ಗೋಡೆಯ ಮೇಲೆಯೇ ನಡೆದೆವು,
ಗೋಡೆಯೂ ಊರನ್ನು ಸುತ್ತುತ್ತದೆ.
ಎಂದಿನಂತೆ ನಾನು ಊರಿನ ಬದಿ, ಅವನು ಹೊರಗೆ.
ಗಾಳಿ ತಡೆಯಲಿಕ್ಕೆ ಅಂದುಕೊಂಡಿದ್ದೆ ಎಷ್ಟೋ ವರ್ಷ.
ನನ್ನ ಕಾಲು ಗಿಡ್ಡವಿತ್ತಲ್ಲ,
ಅದು ಹೊಳೆದದ್ದು ಮೊನ್ನೆ,
ಪಂಕ್ಚರಾದ ಚಕ್ರ ಬಿಚ್ಚುತ್ತ ಕೂತಾಗ.

ಈಸ್ಟ್‌ಗೇಟಿನ ಗಡಿಯಾರದ ಕೆಳಗೆ ನಿಂತು
ಟೋಪಿ ಸರಿಮಾಡಿಕೊಂಡು ಅಂದ:
‘ಅಮ್ಮ ಕೇಳಿದರೆ ಎರಡು ಪೌಂಡು ಅನ್ನು.’
ಹೋದದ್ದು ಐದು.