ಬಾರದ ಸೀನು

ರೀಗಾದ ಹತ್ತನೇ ನಂಬರಿನ ಟ್ರಾಮಿನಲ್ಲಿ
ಟಿಕೆಟ್ ತಪಾಸಣೆಯ ವೆಲ್ಟಾಗೆ
ಹದಿನಾಲ್ಕು ವರ್ಷದ ಹಿಂದೆ ಒಂದು ಸೀನು ಬರುವುದರಲ್ಲಿತ್ತು.
ಮೂಗು ಮೇಲೆ, ಒಂದು ಕಣ್ಣು ಅರೆ, ಬಾಯಿ ಬಾವಿ—
ಅಷ್ಟರಲ್ಲಿ ಅಕ್ಕನ ಮಗ ಮಾರಿಸ್ ಕ್ಲಿಕ್ಕಿಸಿದ.

ಆರು ಗೆಳೆಯರ ಗುಂಪಿಗೆ ಕಳಿಸಿದ, ಅಷ್ಟೆ.
ಅದರಲ್ಲೊಬ್ಬ ಕೆಳಗೆ ಬರೆದ: ‘ಸೋಮವಾರ’.
ಬೆಳಗಾಗುವುದರಲ್ಲಿ ಲಿಸ್ಬನ್ನಿನಲ್ಲಿ ಅವಳು ಮನೆ ಬಾಡಿಗೆ,
ಮನಿಲಾದಲ್ಲಿ ಗಣಿತದ ಪರೀಕ್ಷೆ,
ಎಲ್ಲೋ ಯಾರದೋ ಮಾಜಿ ಗಂಡನ ಹೊಸ ಮದುವೆ.
ಒಬ್ಬರು ಬೆಕ್ಕಿನ ಮೀಸೆ ಅಂಟಿಸಿದರು,
ಇನ್ನೊಬ್ಬರು ಮೀಸೆ ಕಿತ್ತು ಕಿರೀಟ ಇಟ್ಟರು.
ನಕಲಿನ ನಕಲಿನಲ್ಲಿ ಮುಖ ಸವೆದು
ಹಳೇ ನಾಣ್ಯದ ರಾಣಿಯಾಯಿತು;
ಸವೆದಷ್ಟೂ ಚಲಾವಣೆ.

ದುಡ್ಡು?
ಅವಳದೇ ಮುಖದ ಮಗ್ಗೊಂದನ್ನು ಮಾರಿಸ್ ತಂದುಕೊಟ್ಟ.
ಹಿಡಿಕೆ ಮುರಿದಿದೆ. ಪೆನ್ನು ಇಡುತ್ತಾಳೆ.

ನಮ್ಮ ಕಡೆ ಸೀನಿದ ಮಗುವಿಗೆ ಚಿರಂಜೀವಿ ಅನ್ನುತ್ತೇವೆ.
ಇವಳು ಸೀನುವ ಮೊದಲೇ ಆಗಿಬಿಟ್ಟಳು.

ಮೊನ್ನೆ ಮೇ ತಿಂಗಳ ಬರ್ಚ್ ಪರಾಗಕ್ಕೆ, ಸೇತುವೆಯ ಮೇಲೆ,
ಒಂಟಿಯಲ್ಲ, ಮೂರು ಸಲ— ಆಕ್ಷಿ!
ಟ್ರಾಮಿನ ತುಂಬ ತಗ್ಗಿದ ತಲೆಗಳು
ಫೋನಿನೊಳಗೆ ನಗುತ್ತಿದ್ದವು,
ಬಹುಶಃ ಅವಳನ್ನೇ ನೋಡಿ.
ಎರಡೂ ಕೈಲಿ ಟೊಮ್ಯಾಟೊ ಸಸಿಯ ತಟ್ಟೆ ಹಿಡಿದ
ಮುದುಕನೊಬ್ಬ ಮಾತ್ರ ಅಂದ:
‘ಆರೋಗ್ಯವಾಗಿರು ತಾಯಿ.
ಟಿಕೆಟ್ ಜೇಬಲ್ಲಿದೆ, ನೀನೇ ತೆಗೆದುಕೋ.’